ಹದಿನೇಳನೆಯ ವಿಳಾಸ

"ನಗಬೇಡಿ ಮೇಡಂ. ಇಡೀ ಆಫೀಸು ನಗ್ತಿದೆ, ಅದು ಸಾಲದಾ?" ಎಂದಳು ಪತ್ರಿಕೆಯ ಪುಟವಿನ್ಯಾಸದವಳು.

"ನಾನೆಲ್ಲಿ ನಕ್ಕೆ?" ಎಂದರು ಚಿಕ್ಕಮ್ಮ.

"ಕಣ್ಣಲ್ಲೇ ನಕ್ರಿ. ನೋಡಿ, ಆ ಪ್ರೂಫ್ ರೀಡರ್ ಎಷ್ಟೋ ವರ್ಷದಿಂದ ಕೆಳಗಿನ ಮಹಡೀಲಿ ಕೂತಿದಾರೆ. ಒಂದು ದಿನ ಮೆಟ್ಟಿಲು ಹತ್ತಿ ಮೇಲೆ ಬಂದವರಲ್ಲ. ಭಾನುವಾರದಿಂದ ಹೊತ್ತುಗೊತ್ತಿಲ್ಲದೆ ಪೆನ್‌ಡ್ರೈವ್ ಹಿಡ್ಕೊಂಡು ಬಂದು ನನ್ನ ಪಕ್ಕ ನಿಲ್ತಾರೆ. 'ಒಂದು ಪುಟ, ಪ್ರಿಂಟು, ತಗೋಬಹುದಾ' ಅಂತಾರೆ. ಮುಖ ಎತ್ತಿ ನೋಡೋದಿಲ್ಲ. ಕಿವಿ ಮಾತ್ರ ಕೆಂಪಗಾಗಿರುತ್ತೆ. ನನಗೆ ಗಂಡ, ಇಬ್ಬರು ಮಕ್ಕಳು ಇದಾರೆ ಅಂತ ಅವರಿಗೆ ಯಾರಾದ್ರೂ ಹೇಳಬಾರದಾ?"

"ಅವರ ಕಂಪ್ಯೂಟರಿನಿಂದಲೇ ಪ್ರಿಂಟ್ ಕೊಡಬಹುದಲ್ಲ?"

"ನಾನೂ ಅದನ್ನೇ ಕೇಳಿದೆ. ಶನಿವಾರದವರೆಗೂ ಕೆಳಗಿಂದಲೇ ಕೊಡ್ತಿದ್ರು, ಅಟೆಂಡರ್ ಬಂದು ಹಾಳೆ ಒಯ್ತಿದ್ದ. ಈಗ ಕೆಟ್ಟಿದೆಯಂತೆ. ಕೆಟ್ಟಿದ್ರೆ ದೂರು ಕೊಡಬೇಕು ತಾನೇ? ಅದನ್ನೂ ಕೊಟ್ಟಿಲ್ಲ. ಇದಕ್ಕೇನು ಅರ್ಥ, ನೀವೇ ಹೇಳಿ."

ಚಿಕ್ಕಮ್ಮನ ಕಣ್ಣಿನ ನಗು ಆರಿತು. ಅವರು ಕಿಟಕಿಯ ಬಳಿಯ ಪ್ರಿಂಟರಿನತ್ತ ನಡೆದು, ಬಗ್ಗಿ, ಅದರ ಪಕ್ಕಕ್ಕೆ ಅಂಟಿಸಿದ್ದ ಚೀಟಿ ಓದಿದರು. 192.168.5.9.

ಐದು ಎಂಬ ಅಂಕಿಯ ಮೇಲೆ ಅವರ ಬೆರಳು ನಿಂತಿತು.

ಭಾನುವಾರದ ಪತ್ರಿಕೆಯ ನಿಧನ ವಾರ್ತೆಯಲ್ಲಿ, ಬದುಕಿದ್ದ ಗಡಿಯಾರ ರಿಪೇರಿಯವರೊಬ್ಬರ ಫೋಟೊ ಅಚ್ಚಾಗಿತ್ತು. ಅದೇ ಬೆಳಿಗ್ಗೆಯಿಂದ ಅವರು ಕಾಣೆಯಾಗಿದ್ದರು. ಇಂದು ಬುಧವಾರ. ವಾರ್ತೆ ಹೋಗಿದ್ದು ಆ ಪುಟ ನೋಡಿಕೊಳ್ಳುವ ಪುಟ್ಟಿಯ ಕಂಪ್ಯೂಟರಿನ ವಿಳಾಸದಿಂದ. ಪುಟ್ಟಿ ಚಿಕ್ಕಮ್ಮನ ಅಕ್ಕನ ಮಗಳು.

"ಸಂಜೆವರೆಗೆ ಕಾಯ್ತೀನಿ ಚಿಕ್ಕಮ್ಮ. ಅದೂ ನಿಮ್ಮ ಮುಖ ನೋಡಿ," ಎಂದಿದ್ದರು ಇನ್‌ಸ್ಪೆಕ್ಟರ್. "ಆಮೇಲೆ ನಿಮ್ಮ ಹುಡುಗೀನ ಕರ್ಕೊಂಡು ಹೋಗಲೇಬೇಕು."

ಪುಟ್ಟಿ ಹಾಗೆ ಕರೆಯುತ್ತಿದ್ದುದರಿಂದ ಠಾಣೆಯವರಿಗೂ ಅವರು ಚಿಕ್ಕಮ್ಮನೇ ಆಗಿಬಿಟ್ಟಿದ್ದರು. ಟೆಲಿಫೋನ್ ಇಲಾಖೆಯಲ್ಲಿ ದುಡಿದು, ಕೊನೆಯ ವರ್ಷಗಳನ್ನು ಅದರ ಡೇಟಾ ವಿಭಾಗದಲ್ಲಿ ಕಳೆದು, ನಿವೃತ್ತರಾದ ಮೇಲೆ ಖಾಸಗಿ ಪತ್ತೇದಾರಿಕೆಗೆ ಇಳಿದವರು. ಒಂಟಿ ಮನೆ. ಆ ಮನೆಯ ಫೋನು ದಿನಕ್ಕೊಮ್ಮೆ ರಿಂಗಾಗುತ್ತಿತ್ತು. "ಊಟ ಆಯ್ತಾ, ಚಿಕ್ಕಮ್ಮ?" ಎಂದು ಪುಟ್ಟಿ ಕೇಳುತ್ತಿದ್ದಳು. ಕೆಲವು ದಿನ ಆ ಮನೆಯಲ್ಲಿ ಕೇಳಿಬರುತ್ತಿದ್ದ ಮನುಷ್ಯರ ಮಾತು ಅಷ್ಟೇ.

ಪುಟ್ಟಿಯ ಹೇಳಿಕೆ ಚಿಕ್ಕದು. ಶನಿವಾರ ಸಂಜೆ ಐದಕ್ಕೆ ಕಂಪ್ಯೂಟರ್ ಆರಿಸಿ, ಕೋಣೆಗೆ ಬೀಗ ಹಾಕಿ, ಮನೆಗೆ ಹೋದೆ. ಗಡಿಯಾರದವರ ಪರಿಚಯವಿಲ್ಲ. "ಅವರ ಅಂಗಡಿ ಯಾವ ಬೀದೀಲಿದೆ ಅಂತಾನೂ ನನಗೆ ಗೊತ್ತಿಲ್ಲ."

ಇಂದು ಬೆಳಿಗ್ಗೆ ಅವಳು ತನ್ನ ಕೋಣೆಯ ಕೀಲಿ ಕೊಟ್ಟಿದ್ದಳು. "ಇದೊಂದೇ ಕೀಲಿ. ಹೋದ ತಿಂಗಳು ಬೀಗ ಬದಲಾಯಿಸಿದಾಗ ಒಂದೇ ಕೊಟ್ರು. ಕಳೀಬೇಡಿ ಚಿಕ್ಕಮ್ಮ."

ಕಚೇರಿಗೆ ಬರುವ ದಾರಿಯಲ್ಲಿ ಚಿಕ್ಕಮ್ಮ ಗಡಿಯಾರದ ಅಂಗಡಿಯ ಮುಂದೆ ನಿಂತಿದ್ದರು. ಷಟರಿಗೆ ಪೊಲೀಸರ ಬೀಗ, ಪಕ್ಕದ ಸಂದಿಯಲ್ಲಿ ಒಂದು ಹಿಂಬಾಗಿಲು. ಕಿವಿಗೊಟ್ಟರೆ ಒಳಗೆ ಗೋಡೆ ಗಡಿಯಾರಗಳು ಇನ್ನೂ ಓಡುತ್ತಿದ್ದವು. ಹತ್ತು ಹೊಡೆದವು; ಒಟ್ಟಿಗಲ್ಲ, ಒಂದರ ಹಿಂದೆ ಒಂದು, ತಮತಮಗೆ ತೋಚಿದ ಹೊತ್ತಿಗೆ. ಎಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಶುರುವಾಯಿತು. ಅದರ ಗಂಟೆ ಸೀಳಿತ್ತು, ಒಡೆದ ಪಾತ್ರೆಗೆ ಚಮಚ ಬಡಿದ ಹಾಗೆ. ಕೇಳುವವರಿಲ್ಲದ ಅಂಗಡಿಯಲ್ಲಿ ಅದು ಹತ್ತನ್ನೂ ಹೊಡೆದು ಮುಗಿಸುವವರೆಗೆ ಚಿಕ್ಕಮ್ಮ ಕದಲಿರಲಿಲ್ಲ.

ಈಗ ಅವರು ಮೆಟ್ಟಿಲು ಇಳಿಯುತ್ತಿದ್ದರು.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸ ಎಂಬ ಅಂಕಿಯಿಂದ. ಬೇರೆ ಕಚೇರಿಗಳಲ್ಲಿ ಅದು ತಾನಾಗಿ ಸಿಗುತ್ತದೆ. ಇಲ್ಲಿ ಒಂದೊಂದು ಯಂತ್ರಕ್ಕೂ ಕೈಯಿಂದಲೇ ಕೂರಿಸಿ, ಆ ವಿಳಾಸವನ್ನು ಪರದೆಯ ಮೂಲೆಗೆ ಚೀಟಿ ಬರೆದು ಅಂಟಿಸಲಾಗಿತ್ತು. ಇದನ್ನೆಲ್ಲ ಮಾಡಿದ ಸಿಸ್ಟಂ ನೋಡಿಕೊಳ್ಳುವವರು ಹೋದ ವರ್ಷ ತೀರಿಕೊಂಡಿದ್ದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ.

ನಿಧನ ವಾರ್ತೆಯ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ಹದಿನೇಳರಲ್ಲಿ ಕೊನೆಯಾಗುವ ಒಂದೇ ವಿಳಾಸದಿಂದ, ಎಂದರೆ ಪುಟ್ಟಿಯ ಯಂತ್ರದಿಂದ, ಬಂದದ್ದನ್ನು ಸರ್ವರ್ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಉಳಿದವರು ಕಳಿಸಿದ್ದನ್ನು ತಳ್ಳಿಹಾಕುತ್ತಿತ್ತು. ವಿಳಾಸವೇ ಅಲ್ಲಿ ಗುರುತಿನ ಚೀಟಿ.

ಪುಟ್ಟಿಯ ಯಂತ್ರ ಆರಿಸಿದ್ದಾಗ ಹದಿನೇಳನ್ನು ಇನ್ನಾರೋ ತೊಟ್ಟುಕೊಂಡಿದ್ದಾರೆ. ಇದು ಚಿಕ್ಕಮ್ಮನ ಲೆಕ್ಕ. ತೊಟ್ಟುಕೊಂಡವರು ಕೆಲಸವಾದ ಮೇಲೆ ತಮ್ಮ ಹಳೆಯ ವಿಳಾಸಕ್ಕೆ ಮರಳಬೇಕು. ಎಡವುವುದಾದರೆ ಮರಳುವಾಗಲೇ ಎಡವಬೇಕು.

ಪ್ರೂಫ್ ರೀಡರರ ಕೋಣೆ ಕೆಳಗಿನ ಮಹಡಿಯ ಕೊನೆಯಲ್ಲಿತ್ತು. ಹಿಂದೆ ನಾಲ್ವರು ಕೂರುತ್ತಿದ್ದ ಕೋಣೆ. ಈಗ ಒಂದು ಮೇಜು ಮಾತ್ರ, ಅದೂ ಗೋಡೆಗೆ ಮುಖ ಮಾಡಿಕೊಂಡು. ಉಳಿದ ಕುರ್ಚಿಗಳ ಮೇಲೆ ಹಳೆಯ ಪತ್ರಿಕೆಗಳ ರಾಶಿ. ತೊಳೆದು ಬೋರಲು ಹಾಕಿದ ಒಂದು ಊಟದ ಡಬ್ಬಿ. ಒಂದು ಲೋಟ.

ಆತ ಮಾತಿನ ನಡುವೆ ಬೇಡದ ಕಡೆಯೆಲ್ಲ ನಿಲ್ಲುತ್ತಿದ್ದರು. ಹಾಗಾಗಿ ಕಚೇರಿ ಅವರಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿತ್ತು. ಸಂಬಳದ ದಿನ ಬಿಟ್ಟರೆ ಅವರ ನಿಜವಾದ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದು ಅವರು ಒಂದು ಕುರ್ಚಿಯ ಮೇಲಿನ ರಾಶಿಯನ್ನು ಎತ್ತಿ ನೆಲಕ್ಕಿಟ್ಟರು. ಅಂಗೈಯಿಂದ ಧೂಳು ಒರೆಸಿದರು. "ಇದರಲ್ಲಿ, ಯಾರೂ ಕೂತು, ತುಂಬ ದಿನ ಆಯ್ತು."

"ಒಂದು ಪುಟ ಪ್ರಿಂಟ್ ಕೊಡ್ತೀರಾ?"

"ಪ್ರಿಂಟರ್, ಕೆಟ್ಟಿದೆ."

"ಮೇಲೆ ಈಗಷ್ಟೇ ನೋಡಿ ಬಂದೆ. ಗಟ್ಟಿಮುಟ್ಟಾಗಿದೆ."

"ಹಾಗಾದ್ರೆ, ವೈರು, ಏನೋ."

"ವೈರೇ ಕೆಟ್ಟಿದ್ರೆ ಸರ್ವರಿನಿಂದ ಕರಡು ಹೇಗೆ ಬರುತ್ತೆ? ನಿಮ್ಮ ಪರದೆ ಮೇಲೆ ನಾಳೆಯ ಪುಟ ಕಾಣ್ತಿದೆಯಲ್ಲ."

ಆತನ ಕಿವಿಗಳು ಕೆಂಪಾದವು. ಚಿಕ್ಕಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮ ಕಂಪ್ಯೂಟರ್ ಒಂದು ನಿಮಿಷ."

ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆ ತೆರೆದು ಅವರು ಯಂತ್ರದ ವಿಳಾಸ ತೋರಿಸುವ ipconfig ಎಂಬ ಆಜ್ಞೆ ಟೈಪ್ ಮಾಡಿದರು. ಬಿಳಿ ಸಾಲುಗಳು ಬಂದವು. ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು.

"192.168.4.31. ಮೂಲೆಯ ಚೀಟಿಯಲ್ಲಿರೋದೂ ಅದೇ. ಸರಿಯಾಗಿದೆ. ಅದರ ಕೆಳಗಿನ ಸಾಲು ಓದಿ."

"255.255.255.0."

"ಅದೇ ತಪ್ಪು."

"ಎಲ್ಲ ಕಡೆ, ಹಾಗೇ, ಇರುತ್ತಲ್ಲ?" ಎಂದರು ಅಲ್ಪವಿರಾಮ. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು.

"ಎಲ್ಲ ಕಡೆ ಹಾಗೇ ಇರುತ್ತೆ, ಇಲ್ಲಿ ಇಲ್ಲ. ಈ ಸಾಲಿಗೆ ಮಾಸ್ಕ್ ಅಂತಾರೆ. ನಿನ್ನ ಓಣಿ ಎಲ್ಲಿಯವರೆಗಿದೆ ಅಂತ ಯಂತ್ರಕ್ಕೆ ಹೇಳೋದು ಇದು. ತೀರಿಹೋದ ಆ ಪುಣ್ಯಾತ್ಮ ಕೆಳಗಿನ ಮಹಡಿಗೆ ನಾಲ್ಕು, ಮೇಲಿನದಕ್ಕೆ ಐದು ಅಂತ ಅಂಕಿ ಕೊಟ್ಟು, ಎರಡನ್ನೂ ಸೇರಿಸಿ ಒಂದೇ ಓಣಿ ಮಾಡಿದ್ರು. ಹಾಗಾಗಿ ಮೂರನೇ ಅಂಕಿ 254 ಇರಬೇಕು. 255 ಹಾಕಿದ್ರೆ ನಿಮ್ಮ ಯಂತ್ರಕ್ಕೆ ನಾಲ್ಕು ಮಾತ್ರ ಓಣಿ, ಐದು ಪರವೂರು. ಹೊರಗೆ ಹೋಗೋ ದಾರಿಯನ್ನ ಅವರು ಇಟ್ಟೇ ಇಲ್ಲ. ಸರ್ವರ್ ನಾಲ್ಕರಲ್ಲಿದೆ, ಸಿಗುತ್ತೆ. ಪ್ರಿಂಟರ್ ಐದರಲ್ಲಿದೆ, ಸಿಗಲ್ಲ."

"ಅದು, ತಾನಾಗೇ, ಬದಲಾಗಿರಬಹುದು."

"ತಾನಾಗೇ ಆಗೋದಿಲ್ಲ. ಚೀಟಿಯಲ್ಲಿ ವಿಳಾಸ ಇದೆ, ಮಾಸ್ಕ್ ಇಲ್ಲ. ತಂಟೆಗೆ ಹೋಗದವರಿಗೆ ಅದು ಬೇಕಾಗೋದೇ ಇಲ್ಲ. ನೀವು ಹೋದ್ರಿ. ವಾಪಸು ಬರುವಾಗ ಚೀಟಿ ನೋಡಿ ವಿಳಾಸ ಹೊಡೆದ್ರಿ, ಮಾಸ್ಕು ಎಲ್ಲ ಕಡೆ ಇರೋದನ್ನ ಹೊಡೆದ್ರಿ."

ಚಿಕ್ಕಮ್ಮ netsh ಎಂದು ಶುರು ಮಾಡಿ ಒಂದು ಉದ್ದದ ಸಾಲು ಬರೆದರು: ಅದೇ ವಿಳಾಸ, ಮಾಸ್ಕಿನಲ್ಲಿ 254. ಎಂಟರ್ ಒತ್ತಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಮೆಟ್ಟಿಲ ಮೇಲಿನಿಂದ ಕೂಗು ಕೇಳಿಸಿತು. "ಯಾರ್ರೀ ಅದು? ಒಂದೇ ಸಮ ಬರ್ತಿದೆಯಲ್ಲ! ಭಾನುವಾರದ ಪುಟ ಈಗ್ಯಾರಿಗೆ ಬೇಕು?"

ಭಾನುವಾರದಿಂದ ಸಿಕ್ಕಿಕೊಂಡಿದ್ದ ಪುಟಗಳೆಲ್ಲ ಒಟ್ಟಿಗೆ ಮೇಲೆ ಅಚ್ಚಾಗುತ್ತಿದ್ದವು.

ಅಲ್ಪವಿರಾಮ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. "ಅಷ್ಟೇನಾ. ಒಂದು ಅಂಕಿ. ಅದಕ್ಕೆ, ಇಷ್ಟು ಸಲ ಮೆಟ್ಟಿಲು ಹತ್ತಿದೆ."

"ಗಡಿಯಾರದವರು ಎಲ್ಲಿದಾರೆ?"

"ನನಗೆ ಗೊತ್ತಿಲ್ಲ."

"ಹದಿನೇಳನ್ನ ನೀವು ಹಾಕ್ಕೊಂಡ್ರಿ."

"ಹೌದು, ಹಾಕ್ಕೊಂಡೆ. ವಿಡಿಯೋ ನೋಡಿ, ಕಲಿತೆ. ಆದ್ರೆ, ಅವರ ವಾರ್ತೆ ಅಲ್ಲ ಮೇಡಂ, ನಾನು ಹಾಕೋಕೆ ಹೋಗಿದ್ದು."

"ಮತ್ತಾರದು?"

ಆತ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಒಂದು ಕಡತ ತೆರೆದು, ತಾವು ಕಿಟಕಿಯತ್ತ ತಿರುಗಿ ಕುಳಿತರು.

ಪುಟ್ಟ ನಿಧನ ವಾರ್ತೆ. ಚೌಕಟ್ಟು, ಅಳತೆ ಎಲ್ಲ ಪುಟಕ್ಕೆ ಸರಿಹೊಂದುವಂತೆ. ಒಂದೂ ತಪ್ಪಿಲ್ಲದ ಬರಹ. ಫೋಟೊ ಅಲ್ಪವಿರಾಮರದೇ, ಈಗಿನದಕ್ಕಿಂತ ಕೂದಲು ದಟ್ಟವಾಗಿದ್ದ ಕಾಲದ್ದು. ಕೊನೆಯ ಸಾಲು ಮಾತ್ರ ಪೂರ್ತಿಯಾಗಿರಲಿಲ್ಲ. 'ಮೃತರು' ಎಂದಿತ್ತು. ಆಮೇಲೆ ಖಾಲಿ ಜಾಗ. ಆಮೇಲೆ 'ಅಗಲಿದ್ದಾರೆ.'

"ಆ ಜಾಗದಲ್ಲಿ, ಏನು ಹಾಕಬೇಕು ಅಂತ, ತೋಚಲಿಲ್ಲ," ಎಂದರು ಆತ, ಕಿಟಕಿಯನ್ನೇ ನೋಡುತ್ತ. "ಜನ್ಮವೆಲ್ಲ ಬೇರೆಯವರದು ತಿದ್ದಿದೆ ಮೇಡಂ. ಪತ್ನಿ, ಮಕ್ಕಳು, ಅಪಾರ ಬಂಧುಬಳಗ. ನನ್ನದು ಬಂದ್ರೆ, ಯಾರು ಬರ್ತಾರೆ, ನೋಡೋಣ ಅನ್ನಿಸಿತು. ಸೋಮವಾರ, ತಪ್ಪಾಯ್ತು ಅಂತ, ತಿದ್ದುಪಡಿ ಹಾಕಿದ್ರಾಯ್ತು. ತಿದ್ದುಪಡಿ, ನಾನೇ ತಾನೇ ನೋಡೋದು."

"ಭಾನುವಾರ ಗಡಿಯಾರದವರ ಅಂಗಡಿ ಮುಂದೆ ನಿಮ್ಮನ್ನ ನೋಡಿದವರಿದಾರೆ."

"ಹೋಗಿದ್ದೆ. ಅವರಿಗೆ, ಎಷ್ಟು ಜನ ಬಂದ್ರು ಅಂತ, ನೋಡೋಕೆ. ಬಂದಿದ್ರು, ಪಾಪ. ಅರ್ಧ ಜನ, ರಿಪೇರಿಗೆ ಕೊಟ್ಟ ಗಡಿಯಾರ, ವಾಪಸು ಕೇಳೋಕೆ."

ಚಿಕ್ಕಮ್ಮ ನಗಲಿಲ್ಲ. ಪರದೆಯ ಖಾಲಿ ಜಾಗದಿಂದ ಕಣ್ಣು ಕಿತ್ತುಕೊಳ್ಳಲು ಅವರಿಗೆ ಕೊಂಚ ಕಷ್ಟವಾಯಿತು. ತಮ್ಮ ವಾರ್ತೆಯಲ್ಲಾದರೆ ಆ ಜಾಗದಲ್ಲಿ ಒಂದು ಮಾತು ಇರುತ್ತದೆ. ಅಕ್ಕನ ಮಗಳನ್ನು. ಅಷ್ಟು ಸಾಕು.

"ಇದು ಅಚ್ಚಾಗಲಿಲ್ಲವಲ್ಲ, ಯಾಕೆ?"

"ಕಳಿಸೋಕೇ, ಆಗಲಿಲ್ಲ. ಹದಿನೇಳು ಹೊಡೆದು, ಎಂಟರ್ ಒತ್ತಿದ ತಕ್ಷಣ, ಒಂದು ಸೂಚನೆ ಬಂತು. ಈ ವಿಳಾಸವನ್ನ, ಇನ್ನೊಂದು ಕಂಪ್ಯೂಟರ್, ಬಳಸ್ತಾ ಇದೆ ಅಂತ. ಜೀವ ಬಾಯಿಗೆ ಬಂತು. ತಕ್ಷಣ, ಹಳೇದಕ್ಕೆ ವಾಪಸು ಹಾಕಿಬಿಟ್ಟೆ."

ಚಿಕ್ಕಮ್ಮ ಮೆಲ್ಲಗೆ ತಲೆಯೆತ್ತಿದರು. "ಪುಟ್ಟಿಯ ಕಂಪ್ಯೂಟರ್ ಆರಿಸಿತ್ತು."

"ನಾನೂ, ಹಾಗೇ ಅಂದ್ಕೊಂಡಿದ್ದೆ. ಮೊದಲೇ ಹೋಗಿ, ಅವರ ಕೋಣೆ ಬಾಗಿಲು, ತಟ್ಟಿ ನೋಡಿದ್ದೆ. ಬೀಗ ಹಾಕಿತ್ತು. ದೀಪ, ಇರಲಿಲ್ಲ."

"ಎಷ್ಟು ಹೊತ್ತಿಗೆ?"

"ಆರೂವರೆ, ಆಸುಪಾಸು."

ಸರ್ವರಿಗೆ ಗಡಿಯಾರದವರ ವಾರ್ತೆ ತಲುಪಿದ್ದೂ ಆರೂವರೆಗೆ.

ಬಾಯಿ ಮಾತು ಬೇಕಾಗಿರಲಿಲ್ಲ. ಒಂದೇ ವಿಳಾಸಕ್ಕೆ ಎರಡು ಯಂತ್ರ ಜಗಳವಾಡಿದರೆ ಕಂಪ್ಯೂಟರ್ ತನ್ನೊಳಗೆ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಚಿಕ್ಕಮ್ಮ ಆ ದಾಖಲೆ ತೆರೆದರು. ಶನಿವಾರ, ಸಂಜೆ ಆರೂವರೆ. ಹದಿನೇಳು ಆಗಲೇ ಬಳಕೆಯಲ್ಲಿದೆ. ಅಲ್ಪವಿರಾಮ ನಿಜ ಹೇಳಿದ್ದರು. ಆ ಸಾಲಿನ ಕೊನೆಗೆ ಇನ್ನೊಂದು ಗುರುತೂ ಇತ್ತು: ವಿಳಾಸ ಬಿಟ್ಟುಕೊಡದ ಎದುರಿನ ಯಂತ್ರದ ಹಾರ್ಡ್‌ವೇರ್ ಸಂಖ್ಯೆ.

ಐಪಿ ವಿಳಾಸ ಅಂಗಿಯಿದ್ದಂತೆ, ಯಾರದನ್ನು ಯಾರು ಬೇಕಾದರೂ ತೊಡಬಹುದು. ಈ ಸಂಖ್ಯೆ ಕಾರ್ಖಾನೆಯಲ್ಲೇ ಕೂರಿಸಿದ್ದು, ಬೆರಳಚ್ಚಿನಂತೆ. ಚಿಕ್ಕಮ್ಮ ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು. ಕೊನೆಯ ಎರಡು ಜೋಡಿ 3F, A8.

ಹದಿನೇಳನ್ನು ಕದ್ದು ತೊಟ್ಟ ಮೂರನೆಯ ಯಂತ್ರವೊಂದು ಇರಬಹುದು. ಇರಲೇಬೇಕು ಎಂದುಕೊಂಡರು.

ಎದ್ದು ಹೊರಟಾಗ ಅಲ್ಪವಿರಾಮ ಬಾಗಿಲವರೆಗೆ ಬಂದರು.

"ಇನ್‌ಸ್ಪೆಕ್ಟರಿಗೆ, ಹೇಳಬೇಕಾದ್ದು, ಹೇಳಿ. ಆದ್ರೆ ಆ ವಾರ್ತೆ ವಿಷಯ, ಮೇಲಿನವರಿಗೆ, ಗೊತ್ತಾಗೋದು ಬೇಡ."

"ಅವರೆಲ್ಲ ನಿಮಗೆ ಪ್ರೀತಿ ಹುಟ್ಟಿದೆ ಅಂತ ನಗ್ತಿದಾರೆ. ಗೊತ್ತಾ?"

"ಗೊತ್ತು. ಅದೇ ಇರಲಿ ಮೇಡಂ," ಎಂದರು ಆತ. ಈ ಒಂದು ಮಾತಿನಲ್ಲಿ ಎಲ್ಲೂ ನಿಲ್ಲಲಿಲ್ಲ.

ಪುಟ್ಟಿಯ ಕೋಣೆ ಅದೇ ಮಹಡಿಯ ಇನ್ನೊಂದು ತುದಿಗೆ. ಹೊಸ ಬೀಗ, ಒಳಗಿನಿಂದ ಹಾಕಲೂ ಹೊರಗಿನಿಂದ ಹಾಕಲೂ ಒಂದೇ ಕೀಲಿ. ಚಿಕ್ಕಮ್ಮ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಮೇಜಿನ ಮೇಲೆ ನೀರಿನ ಬಾಟಲಿ, ಕುರ್ಚಿಯ ಬೆನ್ನಿಗೆ ಪುಟ್ಟಿಯ ಸ್ವೆಟರ್. ಚಿಕ್ಕಮ್ಮನೇ ಹೆಣೆದುಕೊಟ್ಟದ್ದು. ಒಂದು ತೋಳು ಇನ್ನೊಂದಕ್ಕಿಂತ ಚೂರು ಉದ್ದವಾಗಿ ಬಂದಿತ್ತು. ಪುಟ್ಟಿ ಅದನ್ನು ಮಡಿಚಿಕೊಂಡು ಹಾಕಿಕೊಳ್ಳುತ್ತಿದ್ದಳೇ ಹೊರತು ಒಂದು ದಿನ ದೂರಿದವಳಲ್ಲ.

ಕಂಪ್ಯೂಟರ್ ಎಚ್ಚರವಾಗುವವರೆಗೆ ಅವರು ಸ್ವೆಟರಿನ ಮೇಲೆ ಕೈಯಿಟ್ಟು ನಿಂತರು.

ಕಪ್ಪು ಪರದೆ. ipconfig /all. ಸಾಲುಗಳು ಇಳಿದು ಬಂದವು. ವಿಳಾಸ 192.168.4.17. ಮಾಸ್ಕ್ 255.255.254.0, ಸರಿಯಾಗಿಯೇ ಇದೆ. ಈ ಯಂತ್ರದ ವಿಳಾಸವನ್ನು ಯಾರೂ ಮುಟ್ಟಿಲ್ಲ. ಅದರ ಮೇಲಿನ, ಹಾರ್ಡ್‌ವೇರ್ ಸಂಖ್ಯೆಯ ಸಾಲಿಗೆ ಹೋಗಲು ಅವರ ಕಣ್ಣು ಕೊಂಚ ಹಿಂಜರಿಯಿತು. ಆಮೇಲೆ ಅಂಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಜೋಡಿ ಜೋಡಿಯಾಗಿ ಓದಿದರು. ಮೊದಲ ಜೋಡಿ ಹೊಂದಿತು. ಎರಡನೆಯದು. ಮೂರನೆಯದು.

3F. A8.

ಮೂರನೆಯ ಯಂತ್ರ ಇರಲಿಲ್ಲ. ಶನಿವಾರ ಆರೂವರೆಗೆ ಓಡುತ್ತಿದ್ದುದು ಈ ಯಂತ್ರವೇ. ದೀಪ ಆರಿಸಿ, ಬೀಗ ಹಾಕಿಕೊಂಡು, ಹೊರಗಿನಿಂದ ಯಾರೋ ಬಾಗಿಲು ತಟ್ಟುವುದನ್ನು ಕೇಳಿಸಿಕೊಳ್ಳುತ್ತ, ಈ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಒಳಗೆ ಬರಲು ಇರುವುದು ಒಂದೇ ಕೀಲಿ.

ಅದು ಚಿಕ್ಕಮ್ಮನ ಇನ್ನೊಂದು ಕೈಯಲ್ಲಿತ್ತು.

ಮೊಬೈಲ್ ರಿಂಗಾಯಿತು. ಪರದೆಯ ಮೇಲೆ ಪುಟ್ಟಿಯ ಹೆಸರು.

"ಊಟ ಆಯ್ತಾ, ಚಿಕ್ಕಮ್ಮ?"

"ಆಯ್ತು," ಎಂದರು. ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ಪುಟ್ಟಿಗೆ ಅವರು ಸುಳ್ಳು ಹೇಳಿದ್ದು ಇದೇ ಮೊದಲು. "ನೀನು?"

"ನನ್ನದೂ ಆಯ್ತು. ಏನಾದ್ರೂ ಸಿಕ್ತಾ? ಇನ್‌ಸ್ಪೆಕ್ಟರ್ ಸಂಜೆ ಬರ್ತಾರಲ್ಲ, ಎದೆ ಢವಢವ ಅಂತಿದೆ."

"ಪುಟ್ಟಿ, ಶನಿವಾರ ಸಂಜೆ ಕಂಪ್ಯೂಟರ್ ಆರಿಸಿದ್ದೆ ಅಂದ್ಯಲ್ಲ. ಚೆನ್ನಾಗಿ ಜ್ಞಾಪಕ ಇದೆಯಾ?"

"ಇದೆ. ಯಾಕೆ ಮತ್ತೆ ಮತ್ತೆ ಅದನ್ನೇ ಕೇಳ್ತೀರಿ?"

"ಸುಮ್ಮನೆ. ನೀನೀಗ ಎಲ್ಲಿದೀಯ?"

"ಮನೇಲೇ ಇದೀನಿ. ಹೊರಗೆ ಕಾಲಿಡಬೇಡ ಅಂದಿದ್ರಲ್ಲ ನೀವು."

ಆಗ ಅವಳ ಮಾತಿನ ಹಿಂದೆ ಒಂದು ಗಡಿಯಾರ ಮೂರು ಹೊಡೆಯಿತು. ಅದು ಮುಗಿಯುವ ಮೊದಲೇ ಇನ್ನೊಂದು ಶುರುವಾಯಿತು. ಆಮೇಲೆ ಮತ್ತೊಂದು. ಒಟ್ಟಿಗಲ್ಲ, ತಮತಮಗೆ ತೋಚಿದ ಹೊತ್ತಿಗೆ. ಪುಟ್ಟಿ ಫೋನನ್ನು ಕೈಯಿಂದ ಮುಚ್ಚಿರಬೇಕು, ಸದ್ದು ಕ್ಷೀಣವಾಯಿತು. ಕೈ ತೆಗೆಯುವ ಹೊತ್ತಿಗೆ ಎಲ್ಲ ನಿಂತಿತ್ತು.

ಎಲ್ಲಕ್ಕಿಂತ ಹಿಂದೆ ಉಳಿದ ಕೊನೆಯದೊಂದು ಮಾತ್ರ ಆಗ ಹೊಡೆಯತೊಡಗಿತು. ಸೀಳಿದ ಗಂಟೆ, ಒಡೆದ ಪಾತ್ರೆಗೆ ಚಮಚ ಬಡಿದ ಹಾಗೆ.

"ಚಿಕ್ಕಮ್ಮ? ಹಲೋ? ಕೇಳಿಸ್ತಿದೆಯಾ?"

ಚಿಕ್ಕಮ್ಮ ಸ್ವೆಟರಿನ ಉದ್ದದ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಕೇಳಿಸ್ತಿದೆ, ಪುಟ್ಟಿ."